ಜೊಲ್ಲಿನಲ್ಲಿ ಎಂಎಂಪಿ-8 ಅಳೆದೆ, ಲೆಕ್ಕ ಕೂಡುತ್ತಿಲ್ಲ: ಕಿಟ್ ಕೆಟ್ಟಿದೆಯಾ?

ಪ್ರಶ್ನೆ: ನಾನು ಮಧ್ಯ ಕರ್ನಾಟಕದ ಒಂದು ದಂತ ವೈದ್ಯಕೀಯ ಕಾಲೇಜಿನಲ್ಲಿ ಎಂಡಿಎಸ್ ಎರಡನೇ ವರ್ಷದಲ್ಲಿದ್ದೇನೆ, ವಸಡಿನ ವಿಭಾಗ. ಡಿಸರ್ಟೇಶನ್‌ಗಾಗಿ 40 ಜನ ವಸಡಿನ ರೋಗಿಗಳು ಮತ್ತು 40 ಜನ ಆರೋಗ್ಯವಂತರಿಂದ ಜೊಲ್ಲು ಮತ್ತು ಸೀರಮ್ (ರಕ್ತದ ತಿಳಿ) ತೆಗೆದು, ವಸಡಿನ ಅಂಗಾಂಶ ಕತ್ತರಿಸುವ ಎಂಎಂಪಿ-8 ಎಂಜೈಮನ್ನು, ಆಂಟಿಬಾಡಿಯಿಂದ ಹಿಡಿದು ಬಣ್ಣದಿಂದ ಅಳೆಯುವ ಎಲಿಸಾ ಕಿಟ್‌ನಲ್ಲಿ ಅಳೆದೆ. ಕಿಟ್ ದುಬಾರಿ ಅಂತ ಗೈಡ್ ಹೇಳಿದ್ದರಿಂದ ಪ್ರತಿ ಸ್ಯಾಂಪಲ್‌ಗೂ ಒಂದೇ ವೆಲ್ (ಪ್ಲೇಟಿನ ಪುಟ್ಟ ಗುಳಿ) ಹಾಕಿದೆ. ಸೀರಮ್‌ನಲ್ಲಿ ಎರಡು ಗುಂಪಿಗೂ ವ್ಯತ್ಯಾಸವೇ ಬರಲಿಲ್ಲ. ಜೊಲ್ಲನ್ನು ಐದು ಪಟ್ಟು ತೆಳು ಮಾಡಿದ್ದೆ. ಆದರೂ ರೋಗಿಗಳಲ್ಲಿ 31 ಜನರದ್ದು, ಆರೋಗ್ಯವಂತರಲ್ಲಿ 6 ಜನರದ್ದು ಮೇಲಿನ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ದಾಟಿತು. ನಮ್ಮ ಕಿಟ್‌ನ ಮಿತಿ ಒಂದು ಎಂಎಲ್‌ಗೆ 10 ನ್ಯಾನೊಗ್ರಾಂ. ಜೊಲ್ಲನ್ನು ತೆಗೆದ ದಿನವೇ -20ಕ್ಕೆ ಹಾಕಿ, ಎಲ್ಲವೂ ಸೇರಿದ ಮೇಲೆ ಕರಗಿಸಿ ಸೆಂಟ್ರಿಫ್ಯೂಜ್ ಮಾಡಿದ್ದೆ. ಬೇರೆ ಕಾಲೇಜಿನ ಗೆಳತಿ ಇನ್ನೊಂದು ಕಂಪನಿಯ ಕಿಟ್ ಬಳಸಿದ್ದಾಳೆ. ಅವಳ ಅಂಕಿಗಳು ನನ್ನವಕ್ಕಿಂತ ಹತ್ತು ಪಟ್ಟು ಬೇರೆ. ನನ್ನ ಕಿಟ್ ಕೆಟ್ಟದ್ದಾ? ಬೇರೆ ಕಂಪನಿಯದ್ದು ತರಿಸಬೇಕಾ? ಸೀನಿಯರ್ ಬಿಟ್ಟುಹೋದ ಇದೇ ಕಂಪನಿಯ ಅರ್ಧ ಕಿಟ್ ಇದೆ, ಅವಧಿ ಹೋದ ತಿಂಗಳು ಮುಗಿದಿದೆ. ಅದನ್ನು ಬಳಸಬಹುದಾ? ಥೀಸಿಸ್‌ನಲ್ಲಿ "ಎಂಎಂಪಿ-8 ಚಟುವಟಿಕೆ ಹೆಚ್ಚಿದೆ" ಅಂತ ಬರೆಯಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿದ್ದರೂ ಆತಂಕ ಒಂದೇ: ಇಷ್ಟು ದುಡ್ಡು, ಇಷ್ಟು ಜನರ ಸ್ಯಾಂಪಲ್, ಎಲ್ಲ ಹಾಳಾಯಿತಾ ಅಂತ. ಹಾಳಾಗಿಲ್ಲ. ನೀವು ಬರೆದದ್ದನ್ನು ನೋಡಿದರೆ ಕಿಟ್ ಕೆಟ್ಟಿದೆ ಅನ್ನುವುದಕ್ಕೆ ಯಾವ ಸಾಕ್ಷಿಯೂ ಇಲ್ಲ. ತೊಂದರೆ ಇರುವುದು ಪ್ಲೇಟಿಗಿಂತ ಹಿಂದೆ, ಸ್ಯಾಂಪಲ್ ತೆಗೆದ ರೀತಿಯಲ್ಲಿ. ಇನ್ನೊಂದು, ನಿಮ್ಮ ಜೊಲ್ಲಿನ ಮೇಲೆ ಈ ಕಿಟ್ ಹೇಗೆ ನಡೆದುಕೊಳ್ಳುತ್ತದೆ ಎಂದು ಮೊದಲೇ ಪರೀಕ್ಷೆ ಮಾಡದೇ ಇದ್ದದ್ದು. ಕ್ಲಿನಿಕಲ್ ಬಯೊಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಬಳಿಗೆ ಪಿಜಿ ವಿದ್ಯಾರ್ಥಿಗಳು ತರುವ ಎಲಿಸಾ ತಕರಾರುಗಳಲ್ಲಿ ಹೆಚ್ಚಿನವು ಈ ಎರಡರಲ್ಲೇ ಬಂದು ನಿಲ್ಲುತ್ತವೆ. ಬೇರೆ ಕಂಪನಿಯ ಕಿಟ್ ತರಿಸಿದರೂ ಅದೇ ಕಥೆ ಮತ್ತೆ ಆಗುತ್ತದೆ.

ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಿಡಿಸಿಕೊಂಡರೆ ಉಳಿದದ್ದು ಸುಲಭ.

ಎಲಿಸಾ ಅಂದರೆ ಎಂಜೈಮ್ ಪರೀಕ್ಷೆ, ಹಾಗಾಗಿ ಅದು ಎಂಜೈಮಿನ ಕೆಲಸವನ್ನು ಅಳೆಯುತ್ತದೆ ಎಂದು ತುಂಬಾ ಜನ ತಿಳಿದಿರುತ್ತಾರೆ. ವೈವಾದಲ್ಲೂ ಈ ಉತ್ತರ ಕೇಳಿದ್ದೇನೆ. ನಿಮ್ಮ ವೆಲ್‌ನಲ್ಲಿ ಎರಡು ಎಂಜೈಮ್‌ಗಳಿವೆ. ಒಂದು ನೀವು ಹುಡುಕುತ್ತಿರುವ ಎಂಎಂಪಿ-8. ಇನ್ನೊಂದು ಕಿಟ್ ಕಂಪನಿಯವರು ಪತ್ತೆ ಮಾಡುವ ಆಂಟಿಬಾಡಿಗೆ ಅಂಟಿಸಿ ಕಳಿಸಿರುವ ಎಚ್‌ಆರ್‌ಪಿ. ಇದು ಹಾರ್ಸ್‌ರ್‍ಯಾಡಿಶ್ ಅನ್ನುವ ಗಿಡದ ಬೇರಿನ ಪೆರಾಕ್ಸಿಡೇಸ್. ವೆಲ್‌ನ ತಳದಲ್ಲಿರುವ ಮೊದಲ ಆಂಟಿಬಾಡಿ ಎಂಎಂಪಿ-8 ಅನ್ನು ಹಿಡಿಯುತ್ತದೆ, ಎರಡನೆಯದು ಮೇಲಿನಿಂದ ಬಂದು ಕೂರುತ್ತದೆ, ಅದರ ಬೆನ್ನಿಗೆ ಎಚ್‌ಆರ್‌ಪಿ. ಟಿಎಂಬಿ ಅನ್ನುವ ರಾಸಾಯನಿಕ ಹಾಕಿದಾಗ ನೀಲಿ ಬಣ್ಣ ತರುವುದು ಈ ಎಚ್‌ಆರ್‌ಪಿ. ಆಸಿಡ್ ಹಾಕಿದಾಗ ಅದೇ ಹಳದಿಯಾಗುತ್ತದೆ, ಅದನ್ನು 450 ನ್ಯಾನೊಮೀಟರ್‌ನಲ್ಲಿ ಓದುತ್ತೀರಿ. ಎಂಎಂಪಿ-8 ಇಡೀ ಪರೀಕ್ಷೆಯಲ್ಲಿ ಯಾವ ಕೆಲಸವನ್ನೂ ಮಾಡುವುದಿಲ್ಲ. ಅದು ಸಿಕ್ಕಿಬಿದ್ದಿರುತ್ತದೆ, ಅಷ್ಟೇ. 1971ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಏವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಈ ವಿಧಾನವನ್ನು ಪ್ರಕಟಿಸಿದಾಗಲೂ ಎಂಜೈಮಿನ ಪಾತ್ರ ಇದೇ ಆಗಿತ್ತು: ಅಲ್ಲಿಯವರೆಗೆ ವಿಕಿರಣ ಪರಮಾಣುಗಳು ಮಾಡುತ್ತಿದ್ದ ಗುರುತಿನ ಕೆಲಸವನ್ನು ವಹಿಸಿಕೊಳ್ಳುವುದು.

ಹಾಗಾಗಿ ನಿಮ್ಮ ಕಿಟ್ ಮಾಡುವುದು ಆಫೀಸಿನ ಹಾಜರಿ ಪುಸ್ತಕದ ಕೆಲಸ. ಎಷ್ಟು ಜನ ಬಂದಿದ್ದಾರೆ ಅಂತ ಗೊತ್ತಾಗುತ್ತದೆ, ಯಾರು ಕೆಲಸ ಮಾಡುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ.

ಎಂಎಂಪಿ-8ರ ವಿಷಯದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ನ್ಯೂಟ್ರೊಫಿಲ್ ಅನ್ನುವ ಬಿಳಿರಕ್ತಕಣ ಅದನ್ನು ತಯಾರಿಸಿ ತನ್ನೊಳಗಿನ ಸಣ್ಣ ಕಣಗಳಲ್ಲಿ ನಿಷ್ಕ್ರಿಯ ರೂಪದಲ್ಲೇ ಕೂಡಿಟ್ಟುಕೊಂಡಿರುತ್ತದೆ. ಅದರ ತುದಿಯ ಒಂದು ತುಂಡು ಕತ್ತರಿಸಿ ಹೋದ ಮೇಲೆಯೇ ಅದು ಕೆಲಸಕ್ಕೆ ಇಳಿಯುವುದು, ಅಂದರೆ ವಸಡಿನ ಕೊಲಾಜೆನ್ ಕತ್ತರಿಸುವುದು. ಕೆಲಸಕ್ಕೆ ಇಳಿದ ಮೇಲೂ ಟಿಂಪ್-1 ಅನ್ನುವ ಪ್ರೋಟೀನ್ ಬಂದು ಅದನ್ನು ಕಟ್ಟಿಹಾಕಬಹುದು. ನಿಷ್ಕ್ರಿಯ, ಸಕ್ರಿಯ, ಕಟ್ಟಿಹಾಕಿದ್ದು, ಚೂರಾದದ್ದು, ಈ ನಾಲ್ಕೂ ನಿಮ್ಮ ಜೊಲ್ಲಿನಲ್ಲಿವೆ. ಇವುಗಳಲ್ಲಿ ಯಾವುದನ್ನು ಕಿಟ್ ಹಿಡಿಯುತ್ತದೆ ಅನ್ನುವುದು ಆ ಕಿಟ್‌ನ ಆಂಟಿಬಾಡಿ ಜೋಡಿಯ ಮೇಲೆ ನಿಂತಿದೆ. ಒಂದು ಉದಾಹರಣೆ ಕೊಡುತ್ತೇನೆ. ಕಡಿಮೆ ಪ್ರಮಾಣದ ಡಾಕ್ಸಿಸೈಕ್ಲಿನ್, 20 ಮಿಲಿಗ್ರಾಂ ದಿನಕ್ಕೆರಡು ಸಲ, ವಸಡಿನ ರೋಗಕ್ಕೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಆ ಪ್ರಮಾಣದಲ್ಲಿ ಅದು ಬ್ಯಾಕ್ಟೀರಿಯಾ ಕೊಲ್ಲುವುದಿಲ್ಲ, ಈ ಕೊಲಾಜೆನ್ ಕತ್ತರಿಸುವ ಎಂಜೈಮ್‌ಗಳನ್ನು ಅಡಗಿಸುತ್ತದೆ. ಅಡಗಿದ ಎಂಜೈಮನ್ನೂ ಆಂಟಿಬಾಡಿ ಹಿಡಿದೇ ಹಿಡಿಯುತ್ತದೆ. ನಿಮ್ಮ 40 ರೋಗಿಗಳಲ್ಲಿ ಯಾರಾದರೂ ಡಾಕ್ಸಿಸೈಕ್ಲಿನ್ ತೆಗೆದುಕೊಂಡಿದ್ದರಾ ಅಂತ ಕೇಸ್ ಶೀಟ್ ಮತ್ತೊಮ್ಮೆ ನೋಡಿ.

ಇದೇ ಗೊಂದಲ ಆಸ್ಪತ್ರೆಗಳಲ್ಲೂ ಇದೆ. ಹೃದಯಾಘಾತದ ಶಂಕೆಯಲ್ಲಿ ಮಾಡುವ, ಸಿಕೆ-ಎಂಬಿ ಅನ್ನುವ ಎಂಜೈಮಿನ ಪರೀಕ್ಷೆ ಎರಡು ಥರ ಸಿಗುತ್ತದೆ. ಒಂದು ಚಟುವಟಿಕೆ ಅಳೆದು ಯೂನಿಟ್‌ನಲ್ಲಿ ಹೇಳುತ್ತದೆ, ಇನ್ನೊಂದು ಆಂಟಿಬಾಡಿಯಿಂದ ಪ್ರಮಾಣ ಅಳೆದು ನ್ಯಾನೊಗ್ರಾಂನಲ್ಲಿ ಹೇಳುತ್ತದೆ. ಅದಕ್ಕೇ ರಿಪೋರ್ಟಿನಲ್ಲಿ "ಸಿಕೆ-ಎಂಬಿ ಮಾಸ್" ಅಂತ ಬಿಡಿಸಿ ಬರೆಯುತ್ತಾರೆ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸುವಂತಿಲ್ಲ.

ನಿಮ್ಮ ಥೀಸಿಸ್‌ನಲ್ಲಿ "ಎಂಎಂಪಿ-8 ಪ್ರಮಾಣ" ಅಥವಾ "ಮಟ್ಟ" ಅಂತ ಬರೆಯಿರಿ. ಚಟುವಟಿಕೆ ಅನ್ನುವ ಪದ ಶೀರ್ಷಿಕೆಯಲ್ಲಿ ಈಗಾಗಲೇ ಇದ್ದರೆ ಗೈಡ್ ಜೊತೆ ಮಾತಾಡಿ ಬದಲಾಯಿಸಿ. ನಿಜಕ್ಕೂ ಚಟುವಟಿಕೆಯೇ ಬೇಕು ಅಂದರೆ ದಾರಿ ಬೇರೆ. ಮೊದಲು ಆಂಟಿಬಾಡಿಯಿಂದ ಹಿಡಿದು, ಆಮೇಲೆ ಹೊಳೆಯುವ ಪೆಪ್ಟೈಡ್ ಕೊಟ್ಟು ಅದನ್ನು ಎಷ್ಟು ಬೇಗ ಕತ್ತರಿಸುತ್ತದೆ ಎಂದು ನೋಡುವ ಕಿಟ್‌ಗಳು ಇರುತ್ತವೆ. ಅದಕ್ಕೆ, ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನ ರಕ್ತ ನಡೆಯುವುದಿಲ್ಲ, ಯಾಕೆಂದರೆ ಈ ಎಂಜೈಮಿಗೆ ಬೇಕಾದ ಸತು ಮತ್ತು ಕ್ಯಾಲ್ಸಿಯಂ ಅನ್ನು ಇಡಿಟಿಎ ಎಳೆದುಕೊಂಡುಬಿಡುತ್ತದೆ. ಈ ಹಂತದಲ್ಲಿ ನಿಮಗೆ ಆ ದಾರಿ ಬೇಡ.

ಈಗ ಗೆಳತಿಯ ಕಿಟ್. ಹತ್ತು ಪಟ್ಟು ವ್ಯತ್ಯಾಸ ಅಂದಾಗ ಗಾಬರಿಯಾಗುವುದು ಸಹಜ. ಆದರೆ ಎರಡು ಕಿಟ್‌ಗಳ ಆಂಟಿಬಾಡಿಗಳು ಬೇರೆ, ಅವು ಹಿಡಿಯುವ ರೂಪಗಳು ಬೇರೆ, ಸ್ಟ್ಯಾಂಡರ್ಡ್ ಆಗಿ ಕೊಟ್ಟ ಪ್ರೋಟೀನ್ ಬೇರೆ. ಅವಳ ರೋಗಿಗಳು ಬೇರೆ, ಜೊಲ್ಲು ತೆಗೆದ ವಿಧಾನವೂ ಬೇರೆ ಇರಬಹುದು. ಪ್ರಾಸ್ಟೇಟ್ ಪರೀಕ್ಷೆಯ ಪಿಎಸ್‌ಎ ಕೂಡ ಒಂದು ಎಂಜೈಮೇ. ಅಲ್ಲಿಯೂ ಕಂಪನಿಯಿಂದ ಕಂಪನಿಗೆ ಅಂಕಿ ಕೂಡುತ್ತಿರಲಿಲ್ಲ. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಇಟ್ಟ ಮೇಲೆ ವ್ಯತ್ಯಾಸ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಸಂಶೋಧನೆಗೆ ಮಾತ್ರ ಎಂದು ಲೇಬಲ್ ಇರುವ ನಿಮ್ಮಂಥ ಕಿಟ್‌ಗಳಲ್ಲಿ ಪ್ರತಿ ಕಂಪನಿಯೂ ತನ್ನದೇ ಸ್ಟ್ಯಾಂಡರ್ಡ್ ಕೊಡುತ್ತದೆ. ಹಾಗಾಗಿ ಒಂದೇ ಕಿಟ್, ಒಂದೇ ಸಲ ತಯಾರಾದ ಒಂದೇ ಲಾಟ್‌ನೊಳಗೆ ಗುಂಪುಗಳನ್ನು ಹೋಲಿಸಿ. ನಿಮ್ಮ ಅಂಕಿಯನ್ನು ಅವಳ ಅಂಕಿಗೆ ಹೋಲಿಸಬೇಡಿ. ಬೇರೆ ಪೇಪರ್‌ನಲ್ಲಿ ಓದಿದ ಕಟ್-ಆಫ್ ತಂದು ನಿಮ್ಮ ಅಂಕಿಗೆ ಹಚ್ಚಲೂ ಬೇಡಿ. ಹೆಲ್ಸಿಂಕಿಯ ಸಂಶೋಧಕರ ಕೆಲಸದಿಂದ ಬಂದ, ಬಾಯಿ ಮುಕ್ಕಳಿಸಿದ ನೀರಿನಲ್ಲಿ ನೋಡುವ ಕುರ್ಚಿಪಕ್ಕದ ಪರೀಕ್ಷೆಯ 20 ನ್ಯಾನೊಗ್ರಾಂ ಮಿತಿಯನ್ನು ಹಲವು ಥೀಸಿಸ್‌ಗಳಲ್ಲಿ ಹಾಗೇ ಎತ್ತಿ ಬಳಸಿರುವುದನ್ನು ನೋಡಿದ್ದೇನೆ. ಆ ಅಂಕಿ ಆ ಆಂಟಿಬಾಡಿಗೆ, ಆ ಮುಕ್ಕಳಿಸುವ ಕ್ರಮಕ್ಕೆ ಸೇರಿದ್ದು.

ಬೆಲೆ ಜಾಸ್ತಿ ಇದ್ದರೆ ಕಿಟ್ ಸರಿ, ಕಡಿಮೆ ಇದ್ದರೆ ತಪ್ಪು ಅನ್ನುವುದೂ ನಿಲ್ಲುವ ಮಾತಲ್ಲ. ಟೊರೊಂಟೊದ ಎಲೆಫ್ತೆರಿಯೊಸ್ ಡಿಯಾಮಾಂಡಿಸ್ ಅವರ ಲ್ಯಾಬ್ ಎಲ್ಲರಿಗೂ ಗೊತ್ತಿರುವ ದೊಡ್ಡ ಲ್ಯಾಬ್. ಅವರು ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ಸಿಯುಝಡ್‌ಡಿ1 ಅನ್ನುವ ಪ್ರೋಟೀನ್ ಗುರುತಾಗಬಹುದು ಎಂದು ಮಾರುಕಟ್ಟೆಯ ಎಲಿಸಾ ಕಿಟ್ ತಂದು ರೋಗಿಗಳ ಸ್ಯಾಂಪಲ್ ಅಳೆದರು. ಫಲಿತಾಂಶ ಭರ್ಜರಿಯಾಗಿತ್ತು. ಆಮೇಲೆ ಬಗೆದು ನೋಡಿದರೆ ಕಿಟ್ ಹಿಡಿಯುತ್ತಿದ್ದದ್ದು ಬೇರೆಯದನ್ನೇ, ಸಿಎ-125 ಅನ್ನುವ ಹಳೆಯ ಕ್ಯಾನ್ಸರ್ ಗುರುತನ್ನು. ಡಬ್ಬದ ಮೇಲಿನ ಹೆಸರು ಒಂದು, ಒಳಗಿನ ಆಂಟಿಬಾಡಿ ಇನ್ನೊಂದಕ್ಕೆ. 2014ರಲ್ಲಿ ಅವರೇ ಇದನ್ನು ಪ್ರಕಟಿಸಿ ಉಳಿದವರನ್ನು ಎಚ್ಚರಿಸಿದರು. ಅಂಥವರಿಗೇ ಹೀಗಾಗಿದೆ ಅಂದಮೇಲೆ ಕಿಟ್ ಬಂದ ದಿನವೇ 80 ಸ್ಯಾಂಪಲ್ ಹಾಕಿ ಮುಗಿಸುವುದು ಯಾರಿಗೂ ಒಳ್ಳೆಯದಲ್ಲ. ನಿಮ್ಮ ಕಿಟ್ ಜೊತೆ ಬಂದ ಹಾಳೆಯಲ್ಲಿ ಕ್ರಾಸ್-ರಿಯಾಕ್ಟಿವಿಟಿ ಎಂಬ ಭಾಗ ಇರುತ್ತದೆ, ಅಂದರೆ ಆಂಟಿಬಾಡಿ ಬೇರೆ ಪ್ರೋಟೀನನ್ನೂ ಹಿಡಿಯುತ್ತದಾ ಅನ್ನುವುದು. ಅದೇ ಕುಟುಂಬದ ಎಂಎಂಪಿ-1, ಎಂಎಂಪಿ-9, ಎಂಎಂಪಿ-13 ಜೊತೆ ಪರೀಕ್ಷೆ ಮಾಡಿದ್ದಾರಾ, ನಿಷ್ಕ್ರಿಯ ಮತ್ತು ಸಕ್ರಿಯ ಎರಡೂ ರೂಪ ಹಿಡಿಯುತ್ತದಾ ಅಂತ ನೋಡಿ. ಹಾಳೆಯಲ್ಲಿ "ಮಹತ್ವದ ಕ್ರಾಸ್-ರಿಯಾಕ್ಷನ್ ಕಂಡುಬಂದಿಲ್ಲ" ಅಂತ ಒಂದೇ ಸಾಲು ಇದ್ದರೆ ಕಂಪನಿಗೆ ಮೇಲ್ ಮಾಡಿ ಅಂಕಿ ಕೇಳಿ.

ಸೀರಮ್‌ಗೆ ಬರೋಣ. ಇಲ್ಲಿ ನಿಮಗೆ ಬೇಸರದ ಸುದ್ದಿ ಇದೆ. ಸೀರಮ್ ಅಂದರೆ ಹೆಪ್ಪುಗಟ್ಟಿದ ಮೇಲೆ ಸಿಗುವ ದ್ರವ. ಹೆಪ್ಪುಗಟ್ಟುವಾಗ ಟ್ಯೂಬಿನೊಳಗೇ ನ್ಯೂಟ್ರೊಫಿಲ್‌ಗಳು ತಮ್ಮ ಕಣಗಳನ್ನು ಹೊರಗೆ ಚೆಲ್ಲುತ್ತವೆ. ಎಂಎಂಪಿ-8, ಎಂಎಂಪಿ-9 ಎರಡೂ ಆ ಕಣಗಳಲ್ಲೇ ಇರುವುದು. ಅದಕ್ಕೇ ಒಬ್ಬರದೇ ರಕ್ತದಲ್ಲೂ ಪ್ಲಾಸ್ಮಾಕ್ಕಿಂತ (ಹೆಪ್ಪುಗಟ್ಟದಂತೆ ತಡೆದ ರಕ್ತದ ದ್ರವ) ಸೀರಮ್‌ನಲ್ಲಿ ಈ ಎಂಜೈಮ್‌ಗಳು ಹೆಚ್ಚು ಬರುತ್ತವೆ. ಟ್ಯೂಬು ಎಷ್ಟು ಹೊತ್ತು ನಿಂತಿತ್ತು, ಅದರಲ್ಲಿ ಬೇಗ ಹೆಪ್ಪುಗಟ್ಟಿಸುವ ಕ್ಲಾಟ್ ಆಕ್ಟಿವೇಟರ್ ಇತ್ತಾ, ಓಪಿಡಿ ಗದ್ದಲದಲ್ಲಿ ಸೆಂಟ್ರಿಫ್ಯೂಜ್‌ಗೆ ಒಯ್ಯುವುದು ತಡವಾಯಿತಾ, ಇವೆಲ್ಲ ಅಂಕಿಯೊಳಗೆ ಸೇರಿಕೊಳ್ಳುತ್ತವೆ. ವಸಡಿನ ರೋಗದಿಂದ ರಕ್ತದಲ್ಲಿ ಆಗುವ ಏರಿಕೆ ಸಣ್ಣದು, ಟ್ಯೂಬಿನೊಳಗೆ ಆಗುವ ಸೋರಿಕೆ ದೊಡ್ಡದು. ದೊಡ್ಡದರ ಕೆಳಗೆ ಸಣ್ಣದು ಮುಚ್ಚಿಹೋಗುತ್ತದೆ. ಎಷ್ಟೇ ಒಳ್ಳೆಯ ಕಿಟ್ ತಂದರೂ ಇದನ್ನು ಈಗ ಬೇರ್ಪಡಿಸಲು ಆಗುವುದಿಲ್ಲ.

ಇದರ ಜೊತೆ ಇನ್ನೊಂದು. ವಸಡಿನ ರೋಗ ಮತ್ತು ಸಂಧಿವಾತ ಒಟ್ಟಿಗೆ ಇರುವ ರೋಗಿಗಳು ನಿಮ್ಮ ಓಪಿಡಿಗೆ ಬರುತ್ತಾರೆ. ಅವರ ಸೀರಮ್‌ನಲ್ಲಿರುವ ರುಮಟಾಯ್ಡ್ ಫ್ಯಾಕ್ಟರ್ ಅನ್ನುವ ಆಂಟಿಬಾಡಿ ಕಿಟ್‌ನ ಎರಡೂ ಆಂಟಿಬಾಡಿಗಳನ್ನು ತಾನೇ ಸೇರಿಸಿ ಹಿಡಿದುಬಿಡುತ್ತದೆ, ನಡುವೆ ಎಂಎಂಪಿ-8 ಇಲ್ಲದಿದ್ದರೂ ಬಣ್ಣ ಬರುತ್ತದೆ. ಕೆಲವು ಕಿಟ್‌ಗಳ ಡೈಲ್ಯೂಯೆಂಟ್‌ನಲ್ಲಿ (ತೆಳು ಮಾಡುವ ದ್ರವ) ಇದನ್ನು ತಡೆಯುವ ವಸ್ತು ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಗುಂಪಿನಲ್ಲಿ ಒಂದೋ ಎರಡೋ ಅಂಕಿ ಉಳಿದವಕ್ಕಿಂತ ವಿಪರೀತ ಮೇಲಿದ್ದರೆ ಆ ಕೇಸ್ ಶೀಟ್‌ನಲ್ಲಿ ಕೀಲುನೋವಿನ ಇತಿಹಾಸ ಇದೆಯಾ ನೋಡಿ.

ಸೀರಮ್‌ಗೆ ಮತ್ತೆ ದುಡ್ಡು ಹಾಕಬೇಡಿ. "ಸೀರಮ್‌ನಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಪತ್ತೆಯಾಗಲಿಲ್ಲ. ಹೆಪ್ಪುಗಟ್ಟುವಾಗ ಬಿಳಿರಕ್ತಕಣಗಳಿಂದ ಎಂಜೈಮ್ ಬಿಡುಗಡೆಯಾಗುವುದು ಇದಕ್ಕೆ ಒಂದು ಕಾರಣವಿರಬಹುದು" ಎಂದು ನೇರವಾಗಿ ಬರೆಯಿರಿ. "ವಸಡಿನ ರೋಗದಲ್ಲಿ ರಕ್ತದ ಎಂಎಂಪಿ-8 ಏರುವುದಿಲ್ಲ" ಎಂದು ಮಾತ್ರ ಬರೆಯಬೇಡಿ. ನಿಮ್ಮ ಅಂಕಿಗಳಿಂದ ಆ ಮಾತು ಹುಟ್ಟುವುದಿಲ್ಲ. ಮುಂದೆ ಯಾರಾದರೂ ಜೂನಿಯರ್ ಇದನ್ನೇ ಮಾಡಿದರೆ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ತೆಗೆದು, ಅರ್ಧ ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಫ್ರೀಜ್ ಮಾಡಲು ಹೇಳಿ. ಅವರ ಕಿಟ್ ಇಡಿಟಿಎ ಪ್ಲಾಸ್ಮಾ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಲಿ.

ಜೊಲ್ಲಿನ ಕಥೆ ಹೆಚ್ಚು ಆಸಕ್ತಿಯದು, ನಿಮ್ಮ ಥೀಸಿಸ್ ನಿಲ್ಲುವುದೂ ಇದರ ಮೇಲೆಯೇ. ವಸಡಿನ ರೋಗ ಇರುವವರ ಜೊಲ್ಲಿನಲ್ಲಿ ಎಂಎಂಪಿ-8 ಒಂದು ಎಂಎಲ್‌ಗೆ ನೂರಾರು ನ್ಯಾನೊಗ್ರಾಂ ಇರುವುದು ಸಾಮಾನ್ಯ. ನಿಮ್ಮ ಕಿಟ್‌ನ ಮೇಲಿನ ಮಿತಿ 10. ಐದು ಪಟ್ಟು ತೆಳು ಮಾಡಿದರೆ ನೀವು ತಲುಪುವುದು 50ರವರೆಗೆ. 31 ಜನ ಮಿತಿ ದಾಟಿದ್ದರಲ್ಲಿ ಆಶ್ಚರ್ಯವೇ ಇಲ್ಲ.

ಇಲ್ಲಿ ಒಂದು ದೊಡ್ಡ ಆಮಿಷ ಇದೆ. ರೀಡರ್‌ನ ಸಾಫ್ಟ್‌ವೇರ್ ಮೇಲಿನ ಸ್ಟ್ಯಾಂಡರ್ಡ್ ದಾಟಿದ ಸ್ಯಾಂಪಲ್‌ಗೂ ಒಂದು ಅಂಕಿ ಕೊಟ್ಟುಬಿಡುತ್ತದೆ, 13.8 ಅಂತಲೋ 22 ಅಂತಲೋ. ಅದನ್ನು ಐದರಿಂದ ಗುಣಿಸಿ ಟೇಬಲ್‌ಗೆ ಹಾಕಬೇಡಿ. ಯಾಕೆ ಅಂತ ಒಂದು ವೆಲ್ ಹತ್ತಿರದಿಂದ ನೋಡಿ. ಓಡಿ ಅಂದರೆ ವೆಲ್ ಎಷ್ಟು ಬೆಳಕು ತಡೆಯುತ್ತದೆ ಅನ್ನುವ ಅಳತೆ. ಓಡಿ 1 ಅಂದರೆ ವೆಲ್ ಮೂಲಕ ಹತ್ತರಲ್ಲಿ ಒಂದು ಪಾಲು ಬೆಳಕು ಹೊರಬರುತ್ತಿದೆ. ಓಡಿ 2 ಅಂದರೆ ನೂರರಲ್ಲಿ ಒಂದು. 3 ಅಂದರೆ ಸಾವಿರದಲ್ಲಿ ಒಂದು. 3.4ಕ್ಕೂ 3.6ಕ್ಕೂ ನಡುವಿನ ವ್ಯತ್ಯಾಸವನ್ನು ಅಷ್ಟು ಕಡಿಮೆ ಬೆಳಕಿನಲ್ಲಿ ಮಷೀನು ಹುಡುಕಬೇಕು. ಪ್ಲೇಟಿನ ತಳದ ಒಂದು ಬೆರಳಚ್ಚು ಸಾಕು ಅದನ್ನು ಬದಲಿಸಲು. ಅದರ ಮೇಲೆ ಸ್ಟ್ಯಾಂಡರ್ಡ್‌ಗಳಿಂದ ಎಳೆದ ಕರ್ವ್ ಕೂಡ ಅಲ್ಲಿ ಚಪ್ಪಟೆಯಾಗಿ ಮಲಗಿರುತ್ತದೆ, ಓಡಿಯಲ್ಲಿ ಕೂದಲೆಳೆಯ ವ್ಯತ್ಯಾಸ ನ್ಯಾನೊಗ್ರಾಂನಲ್ಲಿ ದುಪ್ಪಟ್ಟಾಗಿ ಕಾಣುತ್ತದೆ. ಮಿತಿ ದಾಟಿದ್ದನ್ನು "50ಕ್ಕಿಂತ ಹೆಚ್ಚು" ಎಂದು ಬರೆಯಿರಿ. ಅದು ಮಾತ್ರ ನಿಮಗೆ ಗೊತ್ತಿರುವುದು.

ನೀವು ಹೇಳಿದ ಇನ್ನೊಂದು ಸಂಗತಿ ನನಗೆ ಜಾಸ್ತಿ ಚಿಂತೆ ತಂದಿದೆ. ಜೊಲ್ಲನ್ನು ಮೊದಲು ಫ್ರೀಜ್ ಮಾಡಿ, ಕರಗಿಸಿ, ಆಮೇಲೆ ಸೆಂಟ್ರಿಫ್ಯೂಜ್ ಮಾಡಿದ್ದೀರಿ. ಆಗಷ್ಟೇ ಉಗಿದ ಜೊಲ್ಲಿನಲ್ಲಿ ಜೀವಂತ ನ್ಯೂಟ್ರೊಫಿಲ್‌ಗಳು ತೇಲುತ್ತಿರುತ್ತವೆ, ವಸಡಿನ ರೋಗ ಇದ್ದರೆ ಇನ್ನೂ ಹೆಚ್ಚು. ಅವು ಹಾಗೇ ಹೆಪ್ಪುಗಟ್ಟಿ ಕರಗಿದರೆ ಒಡೆಯುತ್ತವೆ, ಒಳಗಿನದ್ದೆಲ್ಲ ಹೊರಗೆ. ಮೊದಲೇ ಐಸ್ ಮೇಲಿಟ್ಟು ಸೆಂಟ್ರಿಫ್ಯೂಜ್ ಮಾಡಿ, ತಳದ ಗಷ್ಟು ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಫ್ರೀಜ್ ಮಾಡಿದ್ದರೆ ಜೀವಕೋಶಗಳೊಳಗಿದ್ದದ್ದು ಬರುತ್ತಿರಲಿಲ್ಲ. ಈಗ ನಿಮ್ಮ ಅಂಕಿಯಲ್ಲಿ ಎರಡು ಸೇರಿವೆ: ಬಾಯಿಯಲ್ಲೇ ಬಿಡುಗಡೆಯಾದದ್ದು ಮತ್ತು ಫ್ರೀಜರ್‌ನಲ್ಲಿ ಜೀವಕೋಶ ಒಡೆದು ಬಂದದ್ದು. ಎರಡೂ ಗುಂಪಿಗೂ ನೀವು ಒಂದೇ ರೀತಿ ಮಾಡಿದ್ದರಿಂದ ಹೋಲಿಕೆ ಉಳಿದಿದೆ. ಆದರೆ ಅದರ ಅರ್ಥ "ಜೊಲ್ಲಿನ ಒಟ್ಟು ಎಂಎಂಪಿ-8, ಜೀವಕೋಶಗಳೊಳಗಿನದ್ದೂ ಸೇರಿ". ವಿಧಾನದ ಭಾಗದಲ್ಲಿ ಈ ಕ್ರಮವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ. ಓದುವ ಪರೀಕ್ಷಕರಿಗೆ ಅದು ಅರ್ಥವಾಗುತ್ತದೆ. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಕಷ್ಟ.

ಜೊಲ್ಲು ಕೆಡದಿರಲಿ ಅಂತ ಸೋಡಿಯಂ ಅಝೈಡ್ ಏನಾದರೂ ಹಾಕಿದ್ದಿರಾ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ, ಯಾಕೆಂದರೆ ಕಾಲೇಜುಗಳಲ್ಲಿ ಇದು ರೂಢಿ. ಅಝೈಡ್ ಎಚ್‌ಆರ್‌ಪಿಯನ್ನು ಅಡಗಿಸುತ್ತದೆ. ವಾಶ್ ಬಫರ್‌ನಲ್ಲಿ ಇದ್ದರಂತೂ ಇಡೀ ಪ್ಲೇಟಿನ ಬಣ್ಣ ಇಳಿಯುತ್ತದೆ. ಹಾಕಿದ್ದರೆ ಈ ಸ್ಯಾಂಪಲ್‌ಗಳಿಗೆ ವಾಶ್ ಇನ್ನಷ್ಟು ಚೆನ್ನಾಗಿ ಮಾಡಬೇಕು.

ಒಂದೇ ವೆಲ್‌ನ ವಿಷಯ. 7 ಸ್ಟ್ಯಾಂಡರ್ಡ್, ಒಂದು ಬ್ಲಾಂಕ್ (ಎಂಎಂಪಿ-8 ಇಲ್ಲದ್ದು), ಎರಡೆರಡು ವೆಲ್‌ನಂತೆ 16. 96ರಲ್ಲಿ 16 ಕಳೆದರೆ 80. ನಿಮ್ಮ ಸ್ಯಾಂಪಲ್ ಸರಿಯಾಗಿ 80. ಗೈಡ್ ಹಾಗೆ ಹೇಳಿದ್ದು ಯಾಕೆ ಅಂತ ಅರ್ಥವಾಗುತ್ತದೆ, ಹತ್ತಾರು ಸಾವಿರದ ಕಿಟ್ ಅದು. ಆದರೆ ಒಂದೇ ವೆಲ್ ಹಾಕಿದರೆ ಯಾವುದು ತಪ್ಪಾಗಿದೆ ಅಂತ ಗೊತ್ತೇ ಆಗುವುದಿಲ್ಲ. ಜೊಲ್ಲು ಅಂಟಂಟು, ಟಿಪ್‌ನಲ್ಲಿ ಎಳೆ ಎಳೆಯಾಗಿ ನಿಲ್ಲುತ್ತದೆ, 100 ಮೈಕ್ರೊಲೀಟರ್ ಅಂತ ಬಿಟ್ಟದ್ದು 80 ಆಗಿರಬಹುದು. ಜೋಡಿ ವೆಲ್ ಇದ್ದರೆ 0.9 ಮತ್ತು 1.5 ಅಂತ ಬಂದು ತಪ್ಪು ತಾನೇ ಕೈ ಎತ್ತುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಖರ್ಚಿಲ್ಲದ ದಾರಿ ಒಂದಿದೆ. ಇರುವ ಜೊಲ್ಲಿನ ಅಂಕಿಗಳನ್ನೇ ಇಟ್ಟುಕೊಂಡು, ಮಿತಿ ದಾಟಿದವನ್ನೆಲ್ಲ ಒಂದೇ ಮೇಲಿನ ಸ್ಥಾನದಲ್ಲಿ ಕೂರಿಸಿ, ಮಾನ್-ವಿಟ್ನಿಯಂತಹ ಸ್ಥಾನ ನೋಡುವ ಪರೀಕ್ಷೆ ಮಾಡಿ. 40ರಲ್ಲಿ 31 ಒಂದು ಕಡೆ, 40ರಲ್ಲಿ 6 ಇನ್ನೊಂದು ಕಡೆ, ವ್ಯತ್ಯಾಸ ಎದ್ದು ಕಾಣುತ್ತದೆ. ಆದರೆ ಸರಾಸರಿ ಬರೆಯುವಂತಿಲ್ಲ, ವಸಡಿನ ಪಾಕೆಟ್ ಆಳದ ಜೊತೆ ಸಂಬಂಧ ಹುಡುಕುವುದೂ ಸರಿಯಾಗಿ ಆಗುವುದಿಲ್ಲ, ಯಾಕೆಂದರೆ ತೀವ್ರ ರೋಗಿಗಳೆಲ್ಲ ಒಂದೇ ಅಂಕಿಯಲ್ಲಿ ಗುಡ್ಡೆ ಬಿದ್ದಿದ್ದಾರೆ. ಸಮಯ ಮತ್ತು ದುಡ್ಡು ಎರಡೂ ಇಲ್ಲದಿದ್ದರೆ, ಎಲ್ಲವನ್ನೂ ಬಿಚ್ಚಿ ಬರೆದರೆ, ಥೀಸಿಸ್‌ಗೆ ಇದು ನಡೆಯುತ್ತದೆ. ಒಳ್ಳೆಯ ಜರ್ನಲ್ ಒಪ್ಪುವುದು ಕಷ್ಟ.

ನಾನು ಹೇಳುವುದು ಇನ್ನೊಂದು ದಾರಿ: ಸೀರಮ್ ಬಿಟ್ಟು, ಜೊಲ್ಲನ್ನು ಮಾತ್ರ ಮತ್ತೆ ಅಳೆಯುವುದು. ಇದೇ ಕಂಪನಿಯ ಎರಡು ಕಿಟ್ ತರಿಸಿ, ಎರಡೂ ಒಂದೇ ಲಾಟ್ ಇರಲಿ ಎಂದು ಆರ್ಡರ್‌ನಲ್ಲೇ ಬರೆಯಿರಿ. ಡಬ್ಬ ಬಂದಾಗ ಲಾಟ್ ನಂಬರ್ ನೋಡಿ, ಬೇರೆ ಇದ್ದರೆ ವಾಪಸ್ ಕಳಿಸಿ. ಐಸ್ ಪ್ಯಾಕ್ ಕರಗಿ ಬಿಸಿಯಾಗಿ ಬಂದಿದ್ದರೆ ಅದನ್ನೂ ಒಪ್ಪಿಕೊಳ್ಳಬೇಡಿ.

ಅವು ಬರುವುದರೊಳಗೆ ಆ ಅವಧಿ ಮುಗಿದ ಅರ್ಧ ಕಿಟ್ ನಿಮಗೆ ಬಹಳ ಉಪಯೋಗಕ್ಕೆ ಬರುತ್ತದೆ. ಥೀಸಿಸ್‌ನ ಅಂಕಿ ಅದರಿಂದ ತೆಗೆಯಬೇಡಿ. ಹಳತಾದಂತೆ ಎಚ್‌ಆರ್‌ಪಿಯ ಕಸುವು ಇಳಿಯುತ್ತದೆ, ಬಿಚ್ಚಿದ ಸ್ಟ್ರಿಪ್‌ಗಳಿಗೆ ತೇವ ತಾಗಿರುತ್ತದೆ, ಪರೀಕ್ಷಕರು ಕೇಳಿದರೆ ಉತ್ತರ ಇರುವುದಿಲ್ಲ. ಆದರೆ ಎಷ್ಟು ತೆಳು ಮಾಡಬೇಕು ಅಂತ ಹುಡುಕಲು ಅದು ಸಾಕು. ಮೇಲಿನ ಸ್ಟ್ಯಾಂಡರ್ಡ್‌ನ ಓಡಿ ನಿಮ್ಮ ಹಿಂದಿನ ಪ್ಲೇಟಿನಲ್ಲಿ ಬಂದದ್ದರ ಹತ್ತಿರ ಬಂದರೆ ಮುಂದುವರಿಯಿರಿ, ಅರ್ಧಕ್ಕೆ ಇಳಿದಿದ್ದರೆ ಎಸೆಯಿರಿ.

ಅರ್ಧ ಕಿಟ್‌ನಲ್ಲಿ ಎಂಟೆಂಟು ವೆಲ್‌ನ ಆರು ಸ್ಟ್ರಿಪ್, ಅಂದರೆ 48 ವೆಲ್. ಎಂಟರಲ್ಲಿ ಸ್ಟ್ಯಾಂಡರ್ಡ್ ಮತ್ತು ಬ್ಲಾಂಕ್. ಮಿತಿ ದಾಟಿದ ಇಬ್ಬರು, ದಾಟದ ಒಬ್ಬರು, ಹೀಗೆ ಮೂರು ಜೊಲ್ಲು ತೆಗೆದುಕೊಂಡು ಪ್ರತಿಯೊಂದನ್ನೂ 10, 20, 40, 80, 160 ಪಟ್ಟು ತೆಳು ಮಾಡಿ ಜೋಡಿ ವೆಲ್‌ನಲ್ಲಿ ಹಾಕಿ. 30 ವೆಲ್ ಆಯಿತು. ತೆಳು ಮಾಡುವುದು ಕಿಟ್‌ನ ಡೈಲ್ಯೂಯೆಂಟ್‌ನಲ್ಲೇ ಇರಲಿ, ಬರೀ ನೀರು ಬೇಡ. ಬಂದ ಅಂಕಿಯನ್ನು ಆಯಾ ಪಟ್ಟಿನಿಂದ ಗುಣಿಸಿ. 40ರಲ್ಲೂ 80ರಲ್ಲೂ 160ರಲ್ಲೂ ಉತ್ತರ ಸುಮಾರು ಒಂದೇ, ಶೇ 20ರೊಳಗೆ ಬಂದರೆ ಅಲ್ಲಿ ಕಿಟ್ ನಿಮ್ಮ ಜೊಲ್ಲನ್ನು ಸರಿಯಾಗಿ ಓದುತ್ತಿದೆ. ತೆಳು ಮಾಡಿದಷ್ಟೂ ಉತ್ತರ ಏರುತ್ತಲೇ ಹೋದರೆ ಜೊಲ್ಲಿನ ಲೋಳೆಯೋ ಇನ್ನೇನೋ ಆಂಟಿಬಾಡಿಗೆ ಅಡ್ಡ ಬರುತ್ತಿದೆ ಎಂದು ಅರ್ಥ, ಇನ್ನೂ ತೆಳು ಮಾಡಬೇಕು.

ಉಳಿದ ಹತ್ತು ವೆಲ್‌ನಲ್ಲಿ ಸ್ಪೈಕ್ ಪರೀಕ್ಷೆ ಮಾಡಿ. ಚೆನ್ನಾಗಿ ತೆಳು ಮಾಡಿದ ಜೊಲ್ಲಿಗೆ ಕಿಟ್‌ನ ಸ್ಟ್ಯಾಂಡರ್ಡನ್ನೇ ಗೊತ್ತಿರುವ ಪ್ರಮಾಣದಲ್ಲಿ ಸೇರಿಸಿ. ಅಷ್ಟೇ ಪ್ರಮಾಣವನ್ನು ಬರೀ ಡೈಲ್ಯೂಯೆಂಟ್‌ಗೂ ಸೇರಿಸಿ. ಜೊಲ್ಲಿನಲ್ಲಿ ಮೊದಲೇ ಇದ್ದದ್ದನ್ನು ಕಳೆದ ಮೇಲೆ, ಸೇರಿಸಿದ್ದರಲ್ಲಿ ಶೇ 80ರಿಂದ 120 ವಾಪಸ್ ಸಿಗಬೇಕು. ಇದನ್ನು ಒಂದು ಟೇಬಲ್ ಮಾಡಿ ಥೀಸಿಸ್‌ಗೆ ಹಾಕಿ. ನನ್ನ ಕೈಗೆ ಬರುವ ಎಲಿಸಾ ಥೀಸಿಸ್‌ಗಳಲ್ಲಿ ಈ ಟೇಬಲ್ ಇರುವುದು ಅಪರೂಪ, ಇದ್ದವರ ಮಿಕ್ಕ ಅಂಕಿಗಳನ್ನು ನಾನು ನಂಬಿ ಓದುತ್ತೇನೆ.

ಮುಖ್ಯ ಪ್ಲೇಟ್‌ಗಳಲ್ಲಿ ಲೆಕ್ಕ ಹೀಗೆ. ಒಂದು ಪ್ಲೇಟಿನಲ್ಲಿ 16 ಸ್ಟ್ಯಾಂಡರ್ಡ್‌ಗೆ, 2 ಪೂಲ್‌ಗೆ. ಪೂಲ್ ಅಂದರೆ ಹಲವರ ಜೊಲ್ಲು ಸ್ವಲ್ಪ ಸ್ವಲ್ಪ ಸೇರಿಸಿ ಮಾಡಿದ ಒಂದೇ ಸ್ಯಾಂಪಲ್, ಎರಡೂ ಪ್ಲೇಟಿನಲ್ಲಿ ಅದನ್ನೇ ಹಾಕಬೇಕು. ಎರಡು ಪ್ಲೇಟ್‌ಗಳು ಎಷ್ಟು ಹೊಂದುತ್ತವೆ ಅಂತ ಅದು ಹೇಳುತ್ತದೆ. ಉಳಿದ 78 ವೆಲ್‌ನಲ್ಲಿ 39 ಸ್ಯಾಂಪಲ್ ಜೋಡಿಯಾಗಿ. ಎರಡು ಪ್ಲೇಟಿಗೆ 78 ಸ್ಯಾಂಪಲ್. ನಿಮ್ಮಲ್ಲಿ 80 ಇವೆ, ಇಬ್ಬರನ್ನು ಬಿಡಬೇಕು. ಕೆಂಪಗೆ ರಕ್ತ ಬೆರೆತ ಜೊಲ್ಲು ಇದ್ದರೆ ಅವನ್ನು ಬಿಡಿ, ಇಲ್ಲದಿದ್ದರೆ ಗುಂಪಿಗೆ ಒಬ್ಬರಂತೆ ಚೀಟಿ ಎತ್ತಿ. ಹಳೆಯ ಅಂಕಿ ನೋಡಿಕೊಂಡು ಮಾತ್ರ ಆರಿಸಬೇಡಿ. ಈ ಬದಲಾವಣೆಯನ್ನು ಸಂಖ್ಯಾಶಾಸ್ತ್ರದವರಿಗೂ ಎಥಿಕ್ಸ್ ಸಮಿತಿಗೂ ತಿಳಿಸಿ.

ರೋಗಿಗಳೆಲ್ಲ ಒಂದು ಪ್ಲೇಟಿಗೆ, ಆರೋಗ್ಯವಂತರೆಲ್ಲ ಇನ್ನೊಂದಕ್ಕೆ ಹಾಕುವುದು ನಾನು ನೋಡಿದ ತಪ್ಪುಗಳಲ್ಲಿ ಅತಿ ದೊಡ್ಡದು. ಆಮೇಲೆ ಬಂದ ವ್ಯತ್ಯಾಸ ರೋಗದ್ದೋ ಪ್ಲೇಟಿನದ್ದೋ ಅಂತ ದೇವರಿಗೂ ಹೇಳಲಾಗುವುದಿಲ್ಲ. ಎರಡರಲ್ಲೂ ಎರಡೂ ಗುಂಪು ಬೆರೆತಿರಲಿ. ಪ್ಲೇಟಿನ ಅಂಚಿನ ವೆಲ್‌ಗಳು ಬೇಗ ಬಿಸಿಯಾಗುತ್ತವೆ, ಬೇಗ ಆರುತ್ತವೆ, ಹಾಗಾಗಿ ಒಂದೇ ಗುಂಪು ಅಂಚಿನಲ್ಲಿ ಸಾಲಾಗಿ ಕೂರದಂತೆ ನೋಡಿ. ಫ್ರಿಜ್‌ನಿಂದ ತೆಗೆದ ಪ್ಲೇಟು, ರೀಜೆಂಟ್ ಎರಡೂ ಕೋಣೆಯ ಬಿಸಿಗೆ ಬರಲಿ. ಸ್ಯಾಂಪಲ್‌ಗಳನ್ನೆಲ್ಲ ಮೊದಲು ಒಂದು ಸಾದಾ ಪ್ಲೇಟಿನಲ್ಲಿ ತೆಳು ಮಾಡಿ ಜೋಡಿಸಿಟ್ಟುಕೊಂಡು, ಮಲ್ಟಿಚಾನಲ್ ಪಿಪೆಟ್‌ನಿಂದ ಒಂದೇ ಉಸುರಿಗೆ ವರ್ಗಾಯಿಸಿ. ಒಂದೊಂದಾಗಿ ಹಾಕುತ್ತಾ ಕೂತರೆ ಮೊದಲ ವೆಲ್‌ಗೂ ಕೊನೆಯ ವೆಲ್‌ಗೂ ಸಮಯದ ಅಂತರ ಬೆಳೆದುಬಿಡುತ್ತದೆ. ವಾಶ್ ಆದ ಮೇಲೆ ಟಿಶ್ಯೂ ಮೇಲೆ ಬೋರಲು ಹಾಕಿ ಗಟ್ಟಿಯಾಗಿ ತಟ್ಟಿ, ಆದರೆ ಒಣಗಲು ಬಿಡಬೇಡಿ.

ಕರ್ವ್‌ಗೆ ಎಕ್ಸೆಲ್‌ನ ನೇರ ಗೆರೆ ಬೇಡ. ಎಲಿಸಾ ಕರ್ವ್ ಎಸ್ ಆಕಾರದ್ದು, ಅದಕ್ಕೆ ನಾಲ್ಕು ಪ್ಯಾರಾಮೀಟರ್‌ನ ಲಾಜಿಸ್ಟಿಕ್ ಫಿಟ್ ಬೇಕು. ರೀಡರ್ ಸಾಫ್ಟ್‌ವೇರ್‌ನಲ್ಲಿ ಇರುತ್ತದೆ, ಇಲ್ಲದಿದ್ದರೆ ಉಚಿತವಾಗಿ ಸಿಗುವ ಆರ್ ಸಾಫ್ಟ್‌ವೇರ್‌ನ ಡಿಆರ್‌ಸಿ ಪ್ಯಾಕೇಜ್ ಸಾಕು. ಆರ್-ಸ್ಕ್ವೇರ್ 0.99 ಬಂತು ಅಂತ ಸಮಾಧಾನ ಪಡಬೇಡಿ. ಪ್ರತಿ ಸ್ಟ್ಯಾಂಡರ್ಡನ್ನೂ ಅದೇ ಕರ್ವ್‌ನಲ್ಲಿ ತಿರುಗಿ ಓದಿ, ಅದರ ನಿಜವಾದ ಅಂಕಿಗೆ ಹತ್ತಿರ ಬರುತ್ತದಾ ನೋಡಿ. ಕೆಳಗಿನ ಎರಡು ಸ್ಟ್ಯಾಂಡರ್ಡ್‌ಗಳಲ್ಲೇ ಹೆಚ್ಚಾಗಿ ಬಣ್ಣ ಬಯಲಾಗುವುದು.

ಒಂದು ಅಪಾಯ ಉಳಿದಿದೆ. ನಿಮ್ಮ ಜೊಲ್ಲು ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದೆ, ಈಗ ಎರಡನೇ ಸಲ ಕರಗಬೇಕು. ಅದೂ -20ರಲ್ಲಿ ಇದ್ದದ್ದು. ಕಾಲೇಜಿನ ಫ್ರಾಸ್ಟ್-ಫ್ರೀ ಫ್ರೀಜರ್ ಆಗಿದ್ದರೆ ಅದು ತಾನಾಗಿಯೇ ಆಗಾಗ ಬೆಚ್ಚಗಾಗುತ್ತಿರುತ್ತದೆ, ಕರೆಂಟ್ ಹೋದ ದಿನಗಳು ಬೇರೆ. ಈ ಹೊತ್ತಿನಲ್ಲಿ ಜೊಲ್ಲಿನ ಇತರ ಎಂಜೈಮ್‌ಗಳು ಎಂಎಂಪಿ-8 ಅನ್ನು ಕತ್ತರಿಸುತ್ತಿರಬಹುದು. ಈಗಲೇ ಉಳಿದದ್ದನ್ನು -80ಕ್ಕೆ ಸಾಗಿಸಿ, ನಿಮ್ಮಲ್ಲಿ ಇಲ್ಲದಿದ್ದರೆ ಪಕ್ಕದ ವೈದ್ಯಕೀಯ ಕಾಲೇಜಿನ ಬಯೊಕೆಮಿಸ್ಟ್ರಿ ವಿಭಾಗವನ್ನು ಕೇಳಿ, ಸಾಮಾನ್ಯವಾಗಿ ಯಾರೂ ಇಲ್ಲ ಅನ್ನುವುದಿಲ್ಲ. ಕೆಲಸದ ದಿನ ಐಸ್ ಮೇಲೆ ಕರಗಿಸಿ, 78ಕ್ಕೂ ಕರಗಿಸಿದ ಸಲಗಳ ಲೆಕ್ಕ ಒಂದೇ ಇರಲಿ. ಪ್ರಯೋಗಕ್ಕೆ ಬಳಸುವ ಆ ಮೂರು ಜೊಲ್ಲನ್ನು ಮಾತ್ರ ಮುಖ್ಯ ಪ್ಲೇಟಿಗೆ ಮುಂಚೆ ಇನ್ನೊಮ್ಮೆ ಕರಗಿಸಬೇಕಾಗುತ್ತದೆ. ಹಾಗಾಗಿ ಪ್ರಯೋಗದ ದಿನ ಉಳಿದ 75ನ್ನೂ ಜೊತೆಗೇ ಕರಗಿಸಿ, ಮೂರು ಮೂರು ಸಣ್ಣ ಟ್ಯೂಬಿಗೆ ಹಂಚಿ, ತಕ್ಷಣ ವಾಪಸ್ ಇಡಿ.

ಹೊಸ ಅಂಕಿ ಬಂದ ಮೇಲೆ ಅದನ್ನು ಯಾವ ರೋಗಿಗೂ "ನಿಮ್ಮ ಎಂಎಂಪಿ-8 ಇಷ್ಟಿದೆ" ಅಂತ ರಿಪೋರ್ಟ್ ಆಗಿ ಕೊಡಬೇಡಿ. ಡಬ್ಬದ ಮೇಲೆ ಸಂಶೋಧನೆಗೆ ಮಾತ್ರ ಅಂತ ಬರೆದಿರುವುದು ಅದಕ್ಕೇ. ಹಳೆಯ ಪ್ಲೇಟಿನ ಓಡಿಗಳನ್ನು ಅಳಿಸಬೇಡಿ, ಎರಡೂ ಸಲದ ಕಚ್ಚಾ ಓದುಗಳು ಥೀಸಿಸ್‌ನ ಅನುಬಂಧದಲ್ಲಿ ಇರಲಿ. ತೆಳು ಮಾಡಿದ ಪ್ರಯೋಗದ ಅಂಕಿಗಳು ಬಂದ ಕೂಡಲೇ ಕಳಿಸಿ, ಎಷ್ಟು ಪಟ್ಟು ಇಟ್ಟುಕೊಳ್ಳಬೇಕು ಅಂತ ಕೂತು ನೋಡೋಣ.